ಹೃತ್ಕರ್ಣದಲ್ಲೊಂದು ಚಕ್ರವ್ಯೂಹ

ಮುಂಗೈಯ ಮೇಲೆ ಬೆರಳಿಟ್ಟು ನಾಡಿ ನೋಡುವ ವೈದ್ಯರನ್ನು ಬಹುಕಾಲ ಗೊಂದಲಕ್ಕೀಡುಮಾಡಿದ ಮಿಡಿತವೊಂದಿದೆ. ಒಂದು ಬಡಿತ ದೊಡ್ಡದು, ಮುಂದಿನದು ಸಣ್ಣದು. ಎರಡು ಬಡಿತಗಳ ನಡುವಣ ಬಿಡುವು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಐದಕ್ಕೊಂದು ಬಡಿತ ತಪ್ಪುತ್ತಿದ್ದರೆ ತಪ್ಪುವುದರಲ್ಲೂ ಒಂದು ಕ್ರಮವಿದೆ ಎನ್ನಬಹುದು. ಇಲ್ಲಿ ಆ ಕ್ರಮವೂ ಇಲ್ಲ. ಇಂಥ ನಾಡಿಗೆ ಕಾರಣವಾದ ಸ್ಥಿತಿಯನ್ನು ಈಗ ಏಟ್ರಿಯಲ್ ಫೈಬ್ರಿಲೇಷನ್ ಅಥವಾ ಹೃತ್ಕರ್ಣ ಕಂಪನ ಎಂದು ಕರೆಯುತ್ತೇವೆ.

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ಗಂಟಿನಿಂದ ಹೊರಡುವ ವಿದ್ಯುತ್ ಅಲೆ ಹೃತ್ಕರ್ಣಗಳಲ್ಲೆಲ್ಲ ಹರಡಿ, ನಡುವಿನ ಇನ್ನೊಂದು ಗಂಟಿನ ಮೂಲಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಕಂಪನ ಹತ್ತಿದಾಗ ಈ ಏಕೈಕ ಅಲೆಯ ಬದಲು ಹಲವು ಅಲೆಗಳು ಹೃತ್ಕರ್ಣದ ಸ್ನಾಯುವಿನಲ್ಲಿ ಮನಬಂದಂತೆ ತಿರುಗುತ್ತವೆ. ನಿಮಿಷಕ್ಕೆ 350ರಿಂದ 600 ಬಾರಿ ಅದುರುವ ಹೃತ್ಕರ್ಣ ಸಂಕುಚಿಸುವುದೇ ಇಲ್ಲ, ಹುಳುಗಳ ಮುದ್ದೆಯಂತೆ ಮಿಸುಕಾಡುತ್ತದೆ. ನಡುವಿನ ಗಂಟು ಆ ಸಂಕೇತಗಳಲ್ಲಿ ಕೆಲವನ್ನು ಮಾತ್ರ ಕೆಳಕ್ಕೆ ಬಿಡುವುದರಿಂದ ಜೀವ ಉಳಿಯುತ್ತದೆ, ಆದರೆ ನಾಡಿ ಕೆಡುತ್ತದೆ. ಸಂಕುಚಿಸದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿಕೊಂಡು ಮಿದುಳಿಗೆ ಹೋದರೆ ಲಕ್ವ.

ಈ ಕಂಪನಕ್ಕೂ ಎಡಭಾಗದ ಎರಡು ಕೋಣೆಗಳ ನಡುವೆ ಇರುವ ಮಿಟ್ರಲ್ ಕವಾಟಕ್ಕೂ ಹಳೆಯ ನಂಟು. ಬಿಷಪ್ಪರ ಟೊಪ್ಪಿಗೆಯನ್ನು ಹೋಲುತ್ತದೆಂದು ಹದಿನಾರನೆಯ ಶತಮಾನದ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್ ಹೇಳಿದ್ದರಿಂದ ಕವಾಟಕ್ಕೆ ಆ ಹೆಸರು ಬಂದಿದೆ. ಅದು ಕಿರಿದಾದರೂ ಸೋರಿದರೂ ಹಿಂದಿನ ಕೋಣೆಯಾದ ಎಡ ಹೃತ್ಕರ್ಣದಲ್ಲಿ ಒತ್ತಡ ಏರುತ್ತದೆ. ಗೋಡೆ ಹಿಗ್ಗುತ್ತದೆ, ಸ್ನಾಯುವಿನ ನಡುವೆ ನಾರು ಬೆಳೆಯುತ್ತದೆ, ಕಂಪನಕ್ಕೆ ನೆಲ ಹದವಾಗುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದ ನಿವಾಸಿಗಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವೊಂದು 1978ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಕಂಪನ ಮಾತ್ರ ಇದ್ದವರಿಗೆ ಲಕ್ವ ಹೊಡೆಯುವ ಸಂಭವ ಇತರರಿಗಿಂತ ಐದು ಪಟ್ಟಿಗೂ ಹೆಚ್ಚು. ರುಮ್ಯಾಟಿಕ್ ಜ್ವರದಿಂದ ಕವಾಟವೂ ಕೆಟ್ಟು ಕಂಪನವೂ ಇದ್ದವರಿಗೆ ಅದು ಹದಿನೇಳು ಪಟ್ಟಿಗೂ ಹೆಚ್ಚು. ಬಾಲ್ಯದ ಗಂಟಲುಬೇನೆಯ ಬೆನ್ನಿಗೆ ಬರುವ ಈ ಜ್ವರ ಪಶ್ಚಿಮದ ದೇಶಗಳಲ್ಲಿ ಬಹುತೇಕ ಅಳಿದರೂ ಭಾರತದಲ್ಲಿ ಅಳಿದಿಲ್ಲ. ಹಾಗಾಗಿ ಮುಂದಿನ ಕಥೆ ನಡೆದದ್ದು ದೂರದ ಊರುಗಳಲ್ಲಾದರೂ ನಮಗೆ ಹೊರಗಿನದಲ್ಲ.

ಕವಾಟ ಸರಿಪಡಿಸಲೆಂದು ಹೃದಯ ತೆರೆದಾಗಲೇ ಕಂಪನವನ್ನೂ ನಿಲ್ಲಿಸಬಹುದೇ? ಅದೂ ಎದೆಯನ್ನು ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ಕಿಂಡಿಯಿಂದ? ಈ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ನೂರು ವರ್ಷ ಹಿಡಿಯಿತು.

ಮೊದಲು ರೋಗವನ್ನು ಗುರುತಿಸಬೇಕಿತ್ತು. 1906ರಲ್ಲಿ ಜಪಾನಿನ ಸುನಾವೊ ತವಾರ ಜರ್ಮನಿಯ ಮಾರ್ಬರ್ಗ್‌ನಲ್ಲಿದ್ದಾಗ ನಡುವಿನ ಗಂಟನ್ನು ವಿವರಿಸಿದರು. ಅದೇ ವರ್ಷದ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಳ್ಳಿಮನೆಯೊಂದರಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ಮೋಲ್ ಎಂಬ ಬಿಲವಾಸಿ ಪ್ರಾಣಿಯ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅವರ ಗುರು ಆರ್ಥರ್ ಕೀತ್ ಹೆಂಡತಿಯೊಡನೆ ಸೈಕಲ್ ಸವಾರಿ ಮುಗಿಸಿ ಮರಳುವಷ್ಟರಲ್ಲಿ ಶಿಷ್ಯನಿಗೆ ವಿಚಿತ್ರ ರಚನೆಯೊಂದು ಕಂಡಿತ್ತು. ಅದೇ ಸೈನಸ್ ಗಂಟು. ಇಬ್ಬರೂ 1907ರಲ್ಲಿ ಅದನ್ನು ಪ್ರಕಟಿಸಿದರು. ಅತ್ತ ಹಾಲೆಂಡಿನ ಐಂಥೋವನ್ ತಮ್ಮ ತಂತಿ ಗ್ಯಾಲ್ವನೋಮೀಟರಿನಿಂದ ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವುದನ್ನು ಸಾಧಿಸಿದ್ದರು. ಆ ಗೆರೆಗಳ ನೆರವಿನಿಂದ, ಕ್ರಮವಿಲ್ಲದ ನಾಡಿಗೆ ಹೃತ್ಕರ್ಣದ ಕಂಪನವೇ ಕಾರಣವೆಂದು 1909ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಹಾಗೂ ವಿಯೆನ್ನಾದ ರಾಥ್‌ಬರ್ಗರ್ ಮತ್ತು ವಿಂಟರ್‌ಬರ್ಗ್ ಬೇರೆ ಬೇರೆಯಾಗಿ ತೋರಿಸಿದರು.

ಆದರೆ ಕಂಪನ ಒಮ್ಮೆ ಶುರುವಾದರೆ ನಿಲ್ಲುವುದಿಲ್ಲವೇಕೆ? ಈ ಭಾಗ ಭೌತಶಾಸ್ತ್ರದ ಮೇಷ್ಟರಿಗೂ ಇಷ್ಟವಾಗಬೇಕು. ಆಲ್ಫ್ರೆಡ್ ಮೇಯರ್ ಎಂಬ ಅಮೆರಿಕದ ಜೀವಶಾಸ್ತ್ರಜ್ಞ ಲೋಳೆಮೀನಿನ ಛತ್ರಿಯಂಥ ದೇಹವನ್ನು ಬಳೆಯಾಕಾರಕ್ಕೆ ಕತ್ತರಿಸಿ, ಒಂದು ಕಡೆ ಪ್ರಚೋದಿಸಿದಾಗ, ಸಂಕೋಚನದ ಅಲೆ ಬಳೆಯ ಸುತ್ತ ದಿನಗಟ್ಟಲೆ ಸುತ್ತುತ್ತಲೇ ಇರುವುದನ್ನು ಕಂಡರು. ಕೇಂಬ್ರಿಜ್‌ನ ಜಾರ್ಜ್ ಮೈನ್ಸ್ ಇದನ್ನೇ ಹೃದಯದ ಸ್ನಾಯುವಿನಲ್ಲಿ ಮಾಡಿ 1913 ಮತ್ತು 1914ರಲ್ಲಿ ಬರೆದರು. ಅಲೆ ನಿಜವಾಗಿಯೂ ಸುತ್ತುತ್ತಿದೆಯೇ ಎಂದು ತಿಳಿಯಲು ಅವರು ಸೂಚಿಸಿದ ಪರೀಕ್ಷೆ ಬಹಳ ಸರಳ: ಬಳೆಯನ್ನು ಒಂದು ಕಡೆ ಕತ್ತರಿಸಿ, ಚಲನೆ ನಿಂತರೆ ಅದು ಸುತ್ತುತ್ತಿದ್ದ ಅಲೆಯೇ ಸರಿ. 1914ರ ನವೆಂಬರಿನಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಮ್ಮ ಪ್ರಯೋಗಾಲಯದಲ್ಲಿ ಮೈನ್ಸ್ ಪ್ರಜ್ಞೆ ತಪ್ಪಿ ಬಿದ್ದದ್ದು ಕಂಡುಬಂತು, ಅವರು ಬದುಕುಳಿಯಲಿಲ್ಲ. ಆಗ ಅವರಿಗೆ 28 ವರ್ಷ. ಅದೇ ವರ್ಷ ಅಮೆರಿಕದ ವಾಲ್ಟರ್ ಗ್ಯಾರಿ ಇನ್ನೊಂದು ಮುಖ್ಯ ಸಂಗತಿಯನ್ನು ಸೇರಿಸಿದರು: ಕಂಪಿಸುತ್ತಿರುವ ಹೃತ್ಕರ್ಣದಿಂದ ಸುಮಾರು 4 ಚದರ ಸೆಂ.ಮೀ.ಗಿಂತ ಚಿಕ್ಕ ತುಣುಕನ್ನು ಕತ್ತರಿಸಿದರೆ ಆ ತುಣುಕಿನಲ್ಲಿ ಕಂಪನ ನಿಲ್ಲುತ್ತದೆ.

ಇದರ ಹಿಂದಿನ ಲೆಕ್ಕ ಹೀಗಿದೆ. ಅಲೆ ಹಾದುಹೋದ ಸ್ನಾಯು ಸ್ವಲ್ಪ ಹೊತ್ತು ಮತ್ತೆ ಪ್ರಚೋದನೆಗೆ ಓಗೊಡುವುದಿಲ್ಲ. ಅಲೆಯ ವೇಗವನ್ನು ಈ ವಿಶ್ರಾಂತಿಯ ಅವಧಿಯಿಂದ ಗುಣಿಸಿದರೆ, ಅಲೆ ತನ್ನ ಬಾಲವನ್ನು ತಾನೇ ಮುಟ್ಟದೆ ಸುತ್ತಲು ಬೇಕಾದ ಹಾದಿಯ ಉದ್ದ ಸಿಗುತ್ತದೆ. ಉದಾಹರಣೆಗೆ, ವೇಗ ಸೆಕೆಂಡಿಗೆ 60 ಸೆಂ.ಮೀ., ವಿಶ್ರಾಂತಿ 0.25 ಸೆಕೆಂಡು ಇದ್ದರೆ ಬೇಕಾದ ಹಾದಿ 15 ಸೆಂ.ಮೀ. ಸಹಜ ಹೃತ್ಕರ್ಣದಲ್ಲಿ ಅಷ್ಟು ದೊಡ್ಡ ಸುತ್ತಿಗೆ ಜಾಗ ಸಿಗುವುದು ಕಷ್ಟ. ರೋಗದಿಂದ ವೇಗ 30ಕ್ಕೆ, ವಿಶ್ರಾಂತಿ 0.15ಕ್ಕೆ ಇಳಿಯಿತೆನ್ನಿ, ಆಗ 4.5 ಸೆಂ.ಮೀ. ಸಾಕು. ಹಿಗ್ಗಿದ ಕೋಣೆಯಲ್ಲಿ ಅಂಥ ಹಲವು ಸುತ್ತುಗಳು ಒಟ್ಟಿಗೇ ಹಿಡಿಸುತ್ತವೆ. ಗಾರ್ಡನ್ ಮೋ 1964ರಲ್ಲಿ ಆಗಿನ ಕಂಪ್ಯೂಟರಿನಲ್ಲೇ ಇಂಥ ಹಲವು ಅಲೆಗಳ ಮಾದರಿಯನ್ನು ಓಡಿಸಿ ತೋರಿಸಿದರು. ಕಂಪನ ತನಗೆ ಬೇಕಾದ ಸ್ಥಿತಿಯನ್ನು ತಾನೇ ಬೆಳೆಸಿಕೊಳ್ಳುತ್ತದೆ ಎಂಬುದನ್ನು ನೆದರ್ಲೆಂಡಿನ ಅಲೆಸ್ಸಿ ಅವರ ತಂಡ 1995ರಲ್ಲಿ ಆಡುಗಳಲ್ಲಿ ಸಾಬೀತುಪಡಿಸಿತು. ಕಂಪನ ಹಳೆಯದಾದಷ್ಟೂ ಬಿಡಿಸುವುದು ಕಷ್ಟ.

ಹಾಗಾದರೆ ದಾರಿ ಸ್ಪಷ್ಟವಾಗಿತ್ತು: ಸುತ್ತಲು ಜಾಗವಿಲ್ಲದಂತೆ ಹೃತ್ಕರ್ಣವನ್ನು ಕತ್ತರಿಸಬೇಕು. ಮೈನ್ಸ್ ಮತ್ತು ಗ್ಯಾರಿ 1914ರಲ್ಲೇ ಹೇಳಿದ್ದು ಇದನ್ನೇ. ಆದರೆ ಬದುಕಿರುವ ಮನುಷ್ಯನ ಹೃದಯದೊಳಗೆ ಕತ್ತರಿ ಹಾಕುವ ಕಾಲ ಆಗಿನ್ನೂ ಬಂದಿರಲಿಲ್ಲ.

ಕವಾಟದ ಶಸ್ತ್ರಕ್ರಿಯೆ ನಿಧಾನವಾಗಿ ಬೆಳೆಯಿತು. 1923ರಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ ಹನ್ನೆರಡರ ಬಾಲಕಿಯ ಕಿರಿದಾದ ಮಿಟ್ರಲ್ ಕವಾಟವನ್ನು ಚಾಕುವಿನಿಂದ ಬಿಡಿಸಿದರು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಬೆರಳನ್ನೇ ಒಳಗೆ ತೂರಿಸಿ ಕವಾಟ ಬಿಡಿಸಿದರು. ರೋಗಿ ಚೇತರಿಸಿಕೊಂಡರೂ ಬೇರೆ ವೈದ್ಯರಾರೂ ಸೌಟರ್ ಬಳಿಗೆ ಅಂಥ ಇನ್ನೊಬ್ಬ ರೋಗಿಯನ್ನು ಕಳುಹಿಸಲಿಲ್ಲ. 1948ರ ಜೂನ್ ತಿಂಗಳಲ್ಲಿ ಫಿಲಡೆಲ್ಫಿಯದ ಚಾರ್ಲ್ಸ್ ಬೈಲಿ, ಬಾಸ್ಟನ್ನಿನ ಡ್ವೈಟ್ ಹಾರ್ಕೆನ್ ಕೆಲವೇ ದಿನಗಳ ಅಂತರದಲ್ಲಿ ಯಶಸ್ವಿಯಾದರು. 1953ರಲ್ಲಿ ಜಾನ್ ಗಿಬ್ಬನ್ ಹೃದಯ–ಶ್ವಾಸಕೋಶ ಯಂತ್ರವನ್ನು ಬಳಸಿ ತೆರೆದ ಹೃದಯದೊಳಗೆ ಕೆಲಸ ಮಾಡಿದರು. 1960ರಲ್ಲಿ ಸ್ಟಾರ್–ಎಡ್ವರ್ಡ್ಸ್ ಕೃತಕ ಕವಾಟ ಬಂತು. ಇಷ್ಟೆಲ್ಲ ಆದರೂ, ಲಯ ತಪ್ಪುವುದು ಔಷಧಿಯ ವಿಷಯ, ಚಾಕುವಿನದಲ್ಲ ಎಂಬ ಭಾವನೆ ಹೋಗಿರಲಿಲ್ಲ.

ಆ ಭಾವನೆಯನ್ನು ಮುರಿದವರಲ್ಲಿ ಒಬ್ಬ ಮೀನುಗಾರರೂ ಇದ್ದಾರೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಆ 32 ವರ್ಷದ ವ್ಯಕ್ತಿಗೆ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಹುಟ್ಟಿನಿಂದಲೇ ಒಂದು ಹೆಚ್ಚುವರಿ ವಿದ್ಯುತ್ ಹಾದಿಯಿತ್ತು. ಅದರಿಂದಾಗಿ ಹೃದಯ ವಿಪರೀತ ವೇಗದಲ್ಲಿ ಓಡುತ್ತಿತ್ತು. 1968ರ ಮೇ ತಿಂಗಳಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಿಲ್ ಸೀಲಿ ಹೃದಯದ ಹೊರಮೈಯಲ್ಲಿ ವಿದ್ಯುತ್ತನ್ನು ಅಳೆದು, ಆ ಹಾದಿ ಎಲ್ಲಿದೆಯೆಂದು ಪತ್ತೆಹಚ್ಚಿ ಕತ್ತರಿಸಿದರು. ತೊಂದರೆ ನಿಂತಿತು. ಲಯದ ದೋಷವನ್ನು ನಕ್ಷೆ ಬರೆದು ಕತ್ತರಿಸಬಹುದೆಂಬ ಪಾಠ ಡ್ಯೂಕ್‌ನಲ್ಲಿ ಬೇರೂರಿತು. ಅಲ್ಲೇ ಪಳಗಿದ ಜೇಮ್ಸ್ ಕಾಕ್ಸ್ ಮುಂದೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ, ಎಲ್ಲಕ್ಕಿಂತ ಕಠಿಣವಾದ ಹೃತ್ಕರ್ಣ ಕಂಪನವನ್ನು ಕೈಗೆತ್ತಿಕೊಂಡರು.

ಕಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ನೂರಕ್ಕೂ ಹೆಚ್ಚು ವಿದ್ಯುದ್ವಾರಗಳನ್ನು ಹೃತ್ಕರ್ಣಕ್ಕೆ ಹೊದಿಸಿ ಕಂಪನದ ನಕ್ಷೆ ತೆಗೆದರು. ಅವರಿಗೆ ನಿರಾಶೆಯೇ ಕಾದಿತ್ತು. ಮೀನುಗಾರರ ಹೃದಯದಲ್ಲಿದ್ದಂತೆ ಕತ್ತರಿಸಲು ಒಂದು ನಿಶ್ಚಿತ ಹಾದಿ ಅಲ್ಲಿರಲಿಲ್ಲ. ಅಲೆಗಳು ಕ್ಷಣಕ್ಷಣಕ್ಕೂ ಜಾಗ ಬದಲಿಸುತ್ತಿದ್ದವು. ಸುತ್ತುವ ಅಲೆಯನ್ನು ಹಿಡಿಯಲಾಗದಿದ್ದರೆ ಸುತ್ತುವ ಜಾಗವನ್ನೇ ಇಲ್ಲವಾಗಿಸಬೇಕು ಎಂಬಲ್ಲಿಗೆ ಅವರು ಬಂದರು. ಹೃತ್ಕರ್ಣವನ್ನು ಸುಮ್ಮನೆ ಚೂರುಚೂರು ಮಾಡಿದರೆ ಕಂಪನವೇನೋ ನಿಲ್ಲುತ್ತದೆ, ಅದರೊಡನೆ ಹೃತ್ಕರ್ಣದ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಸೈನಸ್ ಗಂಟಿನಿಂದ ನಡುವಿನ ಗಂಟಿಗೆ ಒಂದೇ ಒಂದು ತೆರೆದ ಹಾದಿ, ಅದರಿಂದ ಅಕ್ಕಪಕ್ಕಕ್ಕೆ ಹೊರಡುವ ಕುರುಡು ಓಣಿಗಳು, ಹೀಗೆ ಗೆರೆಗಳನ್ನು ಹಾಕಿದರು. ಅಲೆ ಎಲ್ಲ ಓಣಿಗಳನ್ನೂ ಹೊಕ್ಕು ಸ್ನಾಯುವನ್ನು ಸಂಕುಚಿಸುತ್ತದೆ, ಆದರೆ ಎಲ್ಲಿಯೂ ಸುತ್ತಿ ಬರಲಾರದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಚಕ್ರವ್ಯೂಹದ ಶಿಲ್ಪ ನೋಡಿದವರಿಗೆ ಈ ಉಪಾಯ ಬೇಗ ಹೊಳೆಯುತ್ತದೆ: ಹೊಕ್ಕ ಅಲೆಗೆ ಅಭಿಮನ್ಯುವಿನ ಗತಿ. ಕಾಕ್ಸ್ ಕೂಡ ತಮ್ಮ ಶಸ್ತ್ರಕ್ರಿಯೆಗೆ ಇಟ್ಟ ಹೆಸರು ಮೇಜ್, ಅಂದರೆ ಸಿಕ್ಕುದಾರಿಗಳ ಜಾಲ.

1987ರ ಸೆಪ್ಟೆಂಬರ್ 25ರಂದು ಮೊದಲ ರೋಗಿಗೆ ಅದನ್ನು ಮಾಡಲಾಯಿತು. ಕತ್ತರಿಸಿ ಮತ್ತೆ ಹೊಲಿದ ಪ್ರತಿ ಗೆರೆಯೂ ಗಾಯದ ಕಲೆಯಾಗಿ ಮಾಗುತ್ತದೆ. ಕಲೆ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಮೊದಲ ವಿನ್ಯಾಸದಲ್ಲಿ ಒಂದು ಗೆರೆ ಸೈನಸ್ ಗಂಟಿಗೆ ತೀರ ಹತ್ತಿರವಿತ್ತು. ರೋಗಿ ಮೆಟ್ಟಿಲು ಹತ್ತಿದರೂ ನಾಡಿ ತಕ್ಕಷ್ಟು ಏರುತ್ತಿರಲಿಲ್ಲ. ಎರಡನೆಯ ವಿನ್ಯಾಸ ಮಾಡಲು ಬಹಳ ತೊಡಕಿನದಾಯಿತು. 1992ರ ಹೊತ್ತಿಗೆ ನೆಲೆಗೊಂಡದ್ದು ಮೂರನೆಯದು. ಅವರ ಆಸ್ಪತ್ರೆಯ ವರದಿಗಳಲ್ಲಿ ಯಶಸ್ಸು ಶೇ. 90ಕ್ಕೂ ಮೀರಿತ್ತು; ಲಯವನ್ನು ಅಳೆಯುವ ಕ್ರಮ ಆಗ ಈಗಿನಷ್ಟು ಕಟ್ಟುನಿಟ್ಟಾಗಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಏನೇ ಆದರೂ ಅದುವರೆಗೆ ಯಾವ ಔಷಧಿಯೂ ಇದರ ಹತ್ತಿರ ಸುಳಿದಿರಲಿಲ್ಲ.

ಹಾಗಿದ್ದರೂ ಮೇಜ್ ಹರಡಲಿಲ್ಲ. ಎದೆಮೂಳೆಯನ್ನು ಉದ್ದಕ್ಕೂ ಸೀಳಿ, ಹೃದಯ ನಿಲ್ಲಿಸಿ, ಹೃತ್ಕರ್ಣಗಳನ್ನು ಹಲವು ಕಡೆ ಕತ್ತರಿಸಿ, ರಕ್ತ ಜಿನುಗದಂತೆ ಮತ್ತೆ ಹೊಲಿಯಬೇಕು. ಕವಾಟದ ಕೆಲಸಕ್ಕೆ ಹೃದಯವನ್ನು ಒಂದು ಗಂಟೆಗೂ ಮಿಕ್ಕಿ ನಿಲ್ಲಿಸಿದ್ದಾಗ, ಅದರ ಮೇಲೆ ಇನ್ನೊಂದು ಗಂಟೆಯ ಹೊಲಿಗೆಯನ್ನು ಹೇರಲು ಬಹುತೇಕ ಶಸ್ತ್ರವೈದ್ಯರು ಒಪ್ಪಲಿಲ್ಲ. ಕವಾಟ ಸರಿಹೋದ ರೋಗಿ ಕಂಪನವನ್ನು ಹಾಗೇ ಹೊತ್ತು ಮನೆಗೆ ಹೋಗುತ್ತಿದ್ದರು. ಅವರನ್ನು ದೂರುವಂತಿಲ್ಲ, ಕೈಯಲ್ಲಿದ್ದ ಸಾಧನ ಸೂಜಿದಾರವೊಂದೇ.

ಅಷ್ಟರಲ್ಲಿ ಕವಾಟದ ಶಸ್ತ್ರಕ್ರಿಯೆಯೇ ಬೇರೆ ದಿಕ್ಕಿಗೆ ಹೊರಳಿತು. ಪಿತ್ತಕೋಶವನ್ನು ಸಣ್ಣ ರಂಧ್ರದಿಂದ ತೆಗೆಯುವ ವಿಧಾನ 1990ರ ಸುಮಾರಿಗೆ ಎಲ್ಲೆಡೆ ಹಬ್ಬಿತ್ತು. ಹೃದಯಕ್ಕೂ ಹಾಗೇ ಏಕಾಗಬಾರದು ಎಂದು ಕೇಳಿದವರು ಹಲವರು. 1996ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಅಲೆನ್ ಕಾರ್ಪೆಂಟಿಯೆ ಪಕ್ಕೆಲುಬುಗಳ ನಡುವಿನ ಸಣ್ಣ ಛೇದದಿಂದ, ವಿಡಿಯೊ ನೆರವಿನಿಂದ ಮಿಟ್ರಲ್ ಕವಾಟವನ್ನು ದುರಸ್ತಿ ಮಾಡಿದರು. ಅದೇ ವರ್ಷ ಅಮೆರಿಕದ ಗ್ರೀನ್‌ವಿಲ್‌ನಲ್ಲಿ ರ‍್ಯಾಂಡಾಲ್ಫ್ ಚಿಟ್‌ವುಡ್ ಆ ದಾರಿ ಹಿಡಿದರು. ಎದೆಗೋಡೆಯ ಪುಟ್ಟ ರಂಧ್ರದಿಂದ ತೂರಿಸಿ ಮಹಾಪಧಮನಿಯನ್ನು ಅದುಮಿ ಹಿಡಿಯುವ ಇಕ್ಕಳ ಅವರ ಹೆಸರಿನಲ್ಲೇ ಇದೆ. 1998ರಲ್ಲಿ ಕಾರ್ಪೆಂಟಿಯೆ ರೋಬಾಟ್ ಕೈಗಳಿಂದ ಅದೇ ಕೆಲಸ ಮಾಡಿದರು.

ಈ ದಾರಿಗೆ ಅಂಗರಚನೆಯ ಸಹಾಯವೂ ಇತ್ತು. ಎಡ ಹೃತ್ಕರ್ಣ ಹೆಸರಿಗೆ ಎಡದ್ದು. ನಿಜವಾಗಿ ಅದಿರುವುದು ಹೃದಯದ ಹಿಂಭಾಗದಲ್ಲಿ. ಬಲ ಎದೆಯ ನಾಲ್ಕನೆಯ ಪಕ್ಕೆಲುಬಿನ ಕೆಳಗೆ ಐದಾರು ಸೆಂ.ಮೀ. ಛೇದ ಮಾಡಿ, ಎರಡು ಹೃತ್ಕರ್ಣಗಳ ನಡುವಿನ ತೋಡಿನಲ್ಲಿ ಬಾಗಿಲು ತೆರೆದರೆ ಮಿಟ್ರಲ್ ಕವಾಟ ನೇರ ಎದುರಿಗೆ ಕಾಣುತ್ತದೆ. ಯಂತ್ರದ ಕೊಳವೆಗಳು ತೊಡೆಸಂದಿನ ರಕ್ತನಾಳಗಳಿಂದ ಒಳಹೋಗುತ್ತವೆ. ಆದರೆ ಅಷ್ಟು ಕಿರಿದಾದ ಕಿಂಡಿಯಿಂದ ಉದ್ದನೆಯ ಸಲಕರಣೆಗಳಲ್ಲಿ ಮೇಜ್‌ನ ಹೊಲಿಗೆಗಳನ್ನೆಲ್ಲ ಹಾಕುವುದು ಆಗದ ಮಾತು. ಕಿಂಡಿ ಕಿರಿದಾದಂತೆ ಕಂಪನದ ಚಿಕಿತ್ಸೆ ಇನ್ನಷ್ಟು ದೂರ ಸರಿಯುವಂತೆ ಕಂಡಿತು.

ಬಿಡುಗಡೆ ಬಂದದ್ದು ಒಂದು ಸರಳ ವಿಚಾರದಿಂದ. ಬೇಕಾದದ್ದು ಕತ್ತರಿಯಲ್ಲ, ಕಲೆ. ಕಲೆಯನ್ನು ಸುಟ್ಟೂ ಮಾಡಬಹುದು, ಹೆಪ್ಪುಗಟ್ಟಿಸಿಯೂ ಮಾಡಬಹುದು. ಶೀತದಿಂದ ಹೃದಯದ ವಿದ್ಯುತ್ ಹಾದಿಯನ್ನು ತಡೆಯುವುದು ಡ್ಯೂಕ್‌ನಲ್ಲಿ 1970ರ ದಶಕದಲ್ಲೇ ಗೊತ್ತಿತ್ತು. ಸಲಾಕೆಯ ತುದಿಯೊಳಗೆ ನೈಟ್ರಸ್ ಆಕ್ಸೈಡ್ ಅನಿಲ ಹಿಗ್ಗಿದಾಗ ತುದಿ ಸುಮಾರು –60 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆರ್ಗಾನ್ ಬಳಸಿದರೆ ಇನ್ನೂ ಕೆಳಕ್ಕೆ. ಸ್ನಾಯುಕೋಶಗಳು ಹಿಮದ ಹರಳುಗಳಿಂದ ಸಾಯುತ್ತವೆ, ಆದರೆ ಅವುಗಳನ್ನು ಹಿಡಿದಿಟ್ಟ ಕೊಲಾಜೆನ್ ನಾರಿನ ಚೌಕಟ್ಟು ಉಳಿಯುತ್ತದೆ. ಆದ್ದರಿಂದಲೇ ಕವಾಟದ ಅಂಚಿನವರೆಗೂ ಗೆರೆ ಎಳೆಯಲು ಶೀತವೇ ಸುರಕ್ಷಿತ. ಕಾಕ್ಸ್ ಅವರೇ ಬಹುತೇಕ ಛೇದಗಳ ಬದಲು ಶೀತದ ಗೆರೆಗಳನ್ನಿಟ್ಟು ಸಣ್ಣ ಛೇದದ ಮೇಜ್ ವಿಧಾನವನ್ನು ರೂಪಿಸಿ 2000ದಲ್ಲಿ ವಿವರಿಸಿದರು. 2002ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಅವರ ಉತ್ತರಾಧಿಕಾರಿ ರಾಲ್ಫ್ ಡಾಮಿಯಾನೊ ನಾಲ್ಕನೆಯ ವಿನ್ಯಾಸವನ್ನು ತಂದರು. ಅದರಲ್ಲಿ ಹೃತ್ಕರ್ಣದ ಗೋಡೆಯನ್ನು ಇಕ್ಕಳದ ಎರಡು ದವಡೆಗಳ ನಡುವೆ ಹಿಡಿದು ರೇಡಿಯೊ ಆವೃತ್ತಿಯ ವಿದ್ಯುತ್ತಿನಿಂದ ಕೆಲವು ಸೆಕೆಂಡುಗಳಲ್ಲಿ ಸುಡಲಾಗುತ್ತದೆ. ಸುಟ್ಟಂತೆ ಗೋಡೆಯ ವಿದ್ಯುದ್ವಾಹಕತೆ ಇಳಿಯುವುದರಿಂದ, ಸುಡುವಿಕೆ ಪೂರ್ಣವಾಯಿತೆಂದು ಯಂತ್ರವೇ ಸೂಚಿಸುತ್ತದೆ. ಮೇಜ್ ಮಾತ್ರ ಮಾಡಿದವರಲ್ಲಿ ಹೃದಯ ನಿಲ್ಲಿಸಬೇಕಾದ ಅವಧಿ ಸುಮಾರು ಅರ್ಧಕ್ಕಿಳಿಯಿತು.

ಎಲ್ಲ ಸಾಧನಗಳೂ ಗೆಲ್ಲಲಿಲ್ಲ. ಮೈಕ್ರೋವೇವ್, ಲೇಸರ್, ಶ್ರವಣಾತೀತ ಧ್ವನಿ ಇವೆಲ್ಲ ಕೆಲವು ವರ್ಷ ಸದ್ದು ಮಾಡಿ ಹಿಂದೆ ಸರಿದವು. ಒಂದೇ ತುದಿಯ ರೇಡಿಯೊ ಸಲಾಕೆ ಹಿಂದಿರುವ ಅನ್ನನಾಳವನ್ನು ಸುಟ್ಟು ಪ್ರಾಣಾಪಾಯ ತಂದ ಪ್ರಸಂಗಗಳೂ ಇವೆ. ಗೆರೆಯಲ್ಲಿ ಒಂದು ಮಿಲಿಮೀಟರಿನಷ್ಟು ಸ್ನಾಯು ಜೀವಂತ ಉಳಿದರೂ ಅಲೆ ಅಲ್ಲಿಂದ ನುಸುಳಬಲ್ಲದು. ಸೂಜಿದಾರದ ಗೆರೆಗೆ ಈ ಸಂಶಯವಿರಲಿಲ್ಲ. ವೇಗಕ್ಕಾಗಿ ತೆತ್ತ ಬೆಲೆ ಇದು.

ಈ ನಡುವೆ 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದಿಂದ ಒಂದು ಅಚ್ಚರಿಯ ಸುದ್ದಿ ಬಂತು. ಮಿಶೆಲ್ ಐಸಾಗೆರ್ ತಂಡ ಬಂದುಹೋಗುವ ಕಂಪನವಿದ್ದ 45 ರೋಗಿಗಳಲ್ಲಿ ಅದನ್ನು ಹೊತ್ತಿಸುವ ಕಿಡಿಗಳನ್ನು ಹುಡುಕಿತು. ಸಿಕ್ಕ 69 ತಾಣಗಳಲ್ಲಿ ಶೇ. 94ರಷ್ಟು ಇದ್ದದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳೊಳಗೆ! ಕಾಕ್ಸ್ ಮೇಜ್ ರಚಿಸಿದಾಗ ಈ ವಿಷಯ ಯಾರಿಗೂ ತಿಳಿದಿರಲಿಲ್ಲ. ಆದರೂ ಅವರ ಗೆರೆಗಳು ಆ ನಾಲ್ಕೂ ಅಭಿಧಮನಿಗಳ ಬಾಯಿಗಳನ್ನು ಸುತ್ತುವರಿದು ಬೇರ್ಪಡಿಸಿದ್ದವು. ಸುತ್ತುವ ಅಲೆಗೆ ಜಾಗವಿಲ್ಲದಂತೆ ಮಾಡಲು ಹಾಕಿದ ಕೋಟೆ ಕಿಡಿಯನ್ನೂ ಒಳಗೇ ಬಂಧಿಸಿತ್ತು. ಅರ್ಧ ತಿಳಿದ ಸಿದ್ಧಾಂತದಿಂದ ಪೂರ್ತಿ ಸರಿಯಾದ ಶಸ್ತ್ರಕ್ರಿಯೆ ಹುಟ್ಟಿದ ಇಂಥ ಉದಾಹರಣೆ ವೈದ್ಯಕೀಯದಲ್ಲಿ ಅಪರೂಪ.

ಇದರ ಇನ್ನೊಂದು ಪರಿಣಾಮ ಅಷ್ಟು ಒಳ್ಳೆಯದಾಗಿರಲಿಲ್ಲ. ಅಭಿಧಮನಿಗಳ ಸುತ್ತ ಗೆರೆ ಹಾಕಿದರೆ ಸಾಕೆಂದು ಹಲವರು ಉಳಿದ ಗೆರೆಗಳನ್ನೆಲ್ಲ ಕೈಬಿಟ್ಟರು. ಬಂದುಹೋಗುವ ಕಂಪನಕ್ಕೆ ಅದು ಸಾಕಾಗಬಹುದು. ವರ್ಷಗಟ್ಟಲೆ ಕವಾಟ ಕೆಟ್ಟು ಹಿಗ್ಗಿದ ಹೃತ್ಕರ್ಣದಲ್ಲಿ ಕಿಡಿ ಆರಿದರೂ ಕಾಡು ಉರಿಯುತ್ತಲೇ ಇರುತ್ತದೆ. ಎಷ್ಟು ಗೆರೆ ಬೇಕು ಎಂಬ ವಾದ ಇನ್ನೂ ಮುಗಿದಿಲ್ಲ.

ಸಣ್ಣ ಛೇದದ ಮಿಟ್ರಲ್ ಶಸ್ತ್ರಕ್ರಿಯೆಯಲ್ಲಿ ಈಗ ಎರಡೂ ಕೆಲಸಗಳು ಒಂದೇ ಬಾಗಿಲಿನಿಂದ ನಡೆಯುತ್ತವೆ. ಹೃದಯ ನಿಂತು ಬರಿದಾಗಿರುತ್ತದೆ. ಶೀತದ ಸಲಾಕೆಯ ಪರಿಣಾಮವನ್ನು ಕುಂದಿಸಲು ಬಿಸಿ ರಕ್ತ ಹರಿಯುತ್ತಿರುವುದಿಲ್ಲ. ಬಲಗಡೆಯ ಅಭಿಧಮನಿಗಳನ್ನು ಇಕ್ಕಳದಿಂದ ಹಿಡಿಯಬಹುದು. ಎಡಗಡೆಯವು ಆ ಕಿಂಡಿಗೆ ದೂರವಾದ್ದರಿಂದ ಬಾಗುವ ಶೀತದ ಸಲಾಕೆಯಿಂದ ಒಳಗಿನಿಂದಲೇ ಕೋಟೆಯನ್ನು ಪೂರ್ಣಗೊಳಿಸುತ್ತಾರೆ. ಒಂದೊಂದು ಗೆರೆಗೂ ಎರಡು ಮೂರು ನಿಮಿಷ. ಸಲಾಕೆ ಹಿಮದಿಂದ ಗೋಡೆಗೆ ಅಂಟಿಕೊಂಡಿರುತ್ತದೆ. ಕರಗುವ ಮುನ್ನ ಎಳೆದರೆ ಗೋಡೆ ಹರಿದೀತು. ಬಳಿಕ ಹೆಪ್ಪು ಹೆಚ್ಚಾಗಿ ಕೂಡುವ, ಕಿವಿಯಾಕಾರದ ಪುಟ್ಟ ಚೀಲದ ಬಾಯಿಯನ್ನು ಒಳಗಿನಿಂದ ಹೊಲಿದು, ಆಮೇಲೆ ಕವಾಟದತ್ತ ತಿರುಗುತ್ತಾರೆ. ಹೃದಯ ಶಸ್ತ್ರಕ್ರಿಯೆಗೆ ಒಳಗಾದ 4,800ರಷ್ಟು ಕಂಪನದ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಚೀಲವನ್ನು ಮುಚ್ಚಿದವರಲ್ಲಿ ಲಕ್ವ ಅಥವಾ ಬೇರೆ ಅಂಗಕ್ಕೆ ಹೆಪ್ಪು ಸಿಡಿಯುವ ಘಟನೆ ಶೇ. 4.8, ಮುಚ್ಚದವರಲ್ಲಿ ಶೇ. 7.0.

ಮೇಜ್‌ನ ಗೆರೆಗಳ ವಿಷಯದಲ್ಲಿ ಸರಿಯಾದ ಹೋಲಿಕೆಯ ಪರೀಕ್ಷೆ ಬಂದದ್ದು 2015ರಲ್ಲಿ. ಮಿಟ್ರಲ್ ಶಸ್ತ್ರಕ್ರಿಯೆಗೆ ಬಂದ, ಕಂಪನ ಬಿಡದೆ ಕಾಡುತ್ತಿದ್ದ 260 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ವರ್ಷದ ಬಳಿಕ ಗೆರೆ ಹಾಕಿಸಿಕೊಂಡವರಲ್ಲಿ ಶೇ. 63.2 ಮಂದಿ ಕಂಪನದಿಂದ ಮುಕ್ತರಾಗಿದ್ದರು; ಕವಾಟ ಮಾತ್ರ ಸರಿಪಡಿಸಿದವರಲ್ಲಿ ಶೇ. 29.4. ಇದು ಹಳೆಯ ವರದಿಗಳ ಶೇ. 90ಕ್ಕಿಂತ ಎಷ್ಟು ಕಡಿಮೆ ನೋಡಿ. ಒಂದು ವರ್ಷದೊಳಗಿನ ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಪೇಸ್‌ಮೇಕರ್ ಅಳವಡಿಸಬೇಕಾದ ಪ್ರಮಾಣ ನೂರು ರೋಗಿ-ವರ್ಷಗಳಿಗೆ 8.1ರಿಂದ 21.5ಕ್ಕೇರಿತು. ಗೆರೆಗಳಿಂದ ಹಾದಿಗಳಿಗೆ ಪೆಟ್ಟಾಯಿತೋ, ಕಂಪನದಡಿ ಅಡಗಿದ್ದ ಸೈನಸ್ ಗಂಟಿನ ದೌರ್ಬಲ್ಯ ಈಗ ಹೊರಬಿತ್ತೋ, ಬೇರ್ಪಡಿಸಿ ಹೇಳುವುದು ಸುಲಭವಲ್ಲ. ಇಷ್ಟಾದರೂ 2017ರಲ್ಲಿ ಅಮೆರಿಕದ ಎದೆ ಶಸ್ತ್ರವೈದ್ಯರ ಸಂಘ, ಮಿಟ್ರಲ್ ಶಸ್ತ್ರಕ್ರಿಯೆಯೊಡನೆ ಕಂಪನಕ್ಕೂ ಚಿಕಿತ್ಸೆ ಮಾಡುವುದನ್ನು ತನ್ನ ಅತ್ಯುಚ್ಚ ದರ್ಜೆಯ ಶಿಫಾರಸಾಗಿ ಪ್ರಕಟಿಸಿತು.

ನಮ್ಮ ದೇಶದ ರೋಗಿಗೆ ಈ ಲೆಕ್ಕವನ್ನು ಹಾಗೇ ಅನ್ವಯಿಸಲಾಗದು. ರುಮ್ಯಾಟಿಕ್ ಜ್ವರ ಕವಾಟವನ್ನಷ್ಟೇ ಅಲ್ಲ, ಹೃತ್ಕರ್ಣದ ಸ್ನಾಯುವನ್ನೂ ಕೆಡಿಸುತ್ತದೆ. ದಪ್ಪಗಟ್ಟಿ ಸುಣ್ಣದಂತಾದ ಕವಾಟವನ್ನು ದುರಸ್ತಿ ಮಾಡಲಾಗದೆ ಹಲವು ಬಾರಿ ಬದಲಿಸಲೇಬೇಕಾಗುತ್ತದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರ ಡಿಸೆಂಬರಿನಲ್ಲಿ ಮೊದಲು ಅಳವಡಿಸಲಾದ ಚಿತ್ರಾ ಕವಾಟದಂಥ ಯಾಂತ್ರಿಕ ಕವಾಟ ಹಾಕಿದರೆ, ಲಯ ಸರಿಹೋದರೂ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆಯನ್ನು ಜೀವನಪೂರ್ತಿ ನುಂಗಲೇಬೇಕು. ಹೇಗೂ ಮಾತ್ರೆ ತಪ್ಪದಿದ್ದರೆ ಕಂಪನಕ್ಕಾಗಿ ಇನ್ನರ್ಧ ಗಂಟೆ ಹೃದಯ ನಿಲ್ಲಿಸುವುದೇಕೆ ಎಂದು ಕೇಳುವ ಶಸ್ತ್ರವೈದ್ಯರಿದ್ದಾರೆ. ಹೃತ್ಕರ್ಣ ಮತ್ತೆ ಸಂಕುಚಿಸತೊಡಗಿದರೆ ಹೃತ್ಕುಕ್ಷಿ ಚೆನ್ನಾಗಿ ತುಂಬುತ್ತದೆ, ಏದುಸಿರು ಕಡಿಮೆಯಾಗುತ್ತದೆ ಎಂಬುದು ಎದುರುವಾದ. ದುರಸ್ತಿ ಮಾಡಬಹುದಾದ ಕವಾಟವಾದರೆ, ಕಂಪನವೂ ಹೋದರೆ, ಮಾತ್ರೆಯಿಂದ ಬಿಡುಗಡೆಯ ಮಾತನ್ನಾದರೂ ಆಡಬಹುದು. ಹಾಗಾಗಿ ನನ್ನ ಮಟ್ಟಿಗೆ, ಗೆರೆ ಹಾಕಬೇಕೇ ಎಂಬ ಪ್ರಶ್ನೆ ಕವಾಟ ಉಳಿಯುವುದೇ ಎಂಬ ಪ್ರಶ್ನೆಯ ಜೊತೆಗೇ ತೀರ್ಮಾನವಾಗಬೇಕಾದದ್ದು.

ಕೆಲಸ ಮುಗಿಸಿ ಇಕ್ಕಳ ಸಡಿಲಿಸಿದಾಗ ಬೆಚ್ಚಗಿನ ರಕ್ತ ಹರಿದು ಹೃದಯ ಮತ್ತೆ ಮಿಡಿಯುತ್ತದೆ. ಪರದೆಯ ಮೇಲಿನ ಇಸಿಜಿ ಗೆರೆಯಲ್ಲಿ ಪ್ರತಿ ದೊಡ್ಡ ಶಿಖರದ ಮುಂದೆ ಸಣ್ಣದೊಂದು ಉಬ್ಬು ಕಂಡರೆ ಹೃತ್ಕರ್ಣಗಳು ಒಂದಾಗಿ ಸಂಕುಚಿಸುತ್ತಿವೆ ಎಂದರ್ಥ. ಆದರೆ ಕಲೆ ಮಾಗಲು ವಾರಗಳೇ ಬೇಕು. ಊತವಿರುವಾಗ ಕಂಪನ ಮರಳುವುದು ಸಾಮಾನ್ಯ. ಆದ್ದರಿಂದ ಮೊದಲ ಮೂರು ತಿಂಗಳಲ್ಲಿ ಬಂದ ಕಂಪನವನ್ನು ಸೋಲೆಂದು ಲೆಕ್ಕಿಸುವುದಿಲ್ಲ. ಆನಂತರವೂ ದಿನಪೂರ್ತಿ ದಾಖಲಿಸುವ ಯಂತ್ರವನ್ನು ಎದೆಗೆ ಕಟ್ಟಿ, ಮತ್ತೆ ಮತ್ತೆ ನೋಡಿ, ಆ ಸಣ್ಣ ಉಬ್ಬು ಉಳಿದಿದೆಯೇ ಎಂದು ವರ್ಷದ ಕೊನೆಗೆ ಹೇಳುತ್ತಾರೆ.